ಅಶೋಕ ಎಂದರೆ ಯಾವ ಅಶೋಕ?

ಜಾಲದ ವಿಶ್ವಕೋಶದಲ್ಲಿ ಜೀವಿಗಳ ಹೆಸರು, ವಿಂಗಡಣೆ ಕುರಿತ ಒಂದು ಉಪನ್ಯಾಸದ ಪಠ್ಯ



ಶಾಲೆಯ ಕಾಂಪೌಂಡಿನ ಅಂಚಿನಲ್ಲಿ, ಸರ್ಕಾರಿ ಕಚೇರಿಗಳ ಮುಂದೆ, ಹೊಸ ಬಡಾವಣೆಗಳ ಬೀದಿಗಳಲ್ಲಿ ಕಂಬದಂತೆ ನೆಟ್ಟಗೆ ಸಾಲಾಗಿ ನಿಂತ ಒಂದು ಮರವನ್ನು ಎಲ್ಲರೂ ನೋಡಿರುತ್ತೀರಿ. ಅದರ ಕೊಂಬೆಗಳು ನೆಲದ ಕಡೆಗೆ ಇಳಿಬಿದ್ದಿರುತ್ತವೆ. ಎಲೆಯ ಅಂಚು ಅಲೆಅಲೆಯಾಗಿರುತ್ತದೆ. ಅದು ಯಾವ ಮರವೆಂದು ದಾರಿಯಲ್ಲಿ ಹೋಗುವ ಹುಡುಗನನ್ನು ಕೇಳಿ. 'ಅಶೋಕ' ಎನ್ನುತ್ತಾನೆ. ಮೇಷ್ಟರನ್ನು ಕೇಳಿದರೂ ಹೆಚ್ಚಿನ ಸಲ ಅದೇ ಉತ್ತರ ಬರುತ್ತದೆ.

ಆದರೆ ಸೀತೆಯ ಅಶೋಕವನದೊಂದಿಗೆ ಜನ ತಳಕು ಹಾಕುವ, ಆಯುರ್ವೇದದಲ್ಲಿ ಹೆಸರಾದ ಅಶೋಕ ಇದಲ್ಲ. ಆ ಅಶೋಕ ಹರಡಿಕೊಂಡು ಬೆಳೆಯುವ ಮರ. ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುತ್ತದೆ. ಸಸ್ಯಶಾಸ್ತ್ರದಲ್ಲಿ ಅದು ಸರಾಕ ಅಸೋಕ. ಹುಣಸೆ, ಹೊಂಗೆಗಳ ಬಳಗಕ್ಕೆ ಸೇರಿದ್ದು. ಕಂಬದಂತಹ ಮರವಾದರೋ ಸೀತಾಫಲದ ಬಳಗದ್ದು. ಇವೆರಡೂ ಮರಗಳು ಎಂಬುದನ್ನು ಬಿಟ್ಟರೆ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ. ಗುರುತಿಗೆಂದು ನಿಜವಾದ ಅಶೋಕವನ್ನು 'ಸೀತಾ ಅಶೋಕ' ಎಂದು ಕರೆಯುವ ರೂಢಿ ಈಗ ಬಂದಿದೆ.

ಇದು ಬರೀ ಹೆಸರಿನ ಗೊಂದಲವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಶೋಕದ ತೊಗಟೆ ಹೆಂಗಸರ ಕಾಯಿಲೆಗಳಿಗೆ ಕೊಡುವ ಆಯುರ್ವೇದ ಔಷಧಿಗಳಲ್ಲಿ ಮುಖ್ಯವಾದದ್ದು. ಅಸಲಿ ಮರ ಕಾಡಿನಲ್ಲಿ ಅಪರೂಪವಾಗುತ್ತಾ ಬಂದ ಹಾಗೆ ಕಂಬದ ಮರದ ತೊಗಟೆ ಅದರ ಜೊತೆ ಕಲಬೆರಕೆಯಾಗಿ ಮಾರುಕಟ್ಟೆಗೆ ಬರುತ್ತಿರುವುದು ಔಷಧಿ ಸಸ್ಯಗಳ ಅಧ್ಯಯನಗಳಲ್ಲಿ ದಾಖಲಾಗಿದೆ. ಒಂದು ಹೆಸರು ಎರಡು ಮರಗಳಿಗೆ ಹಂಚಿಹೋದರೆ ಅದರ ಬೆಲೆಯನ್ನು ಕೊನೆಗೆ ತೆರುವವರು ಔಷಧಿ ಕುಡಿಯುವವರು.

ಇನ್ನು ಮೂರನೆಯ ಅಶೋಕನೂ ಇದ್ದಾನೆ. ಆತ ಮೌರ್ಯ ಚಕ್ರವರ್ತಿ. ಅವನ ಬಹುತೇಕ ಶಾಸನಗಳಲ್ಲಿರುವುದು 'ದೇವಾನಾಂಪ್ರಿಯ' ಎಂಬ ಬಿರುದು. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿದ್ದರಿಂದ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬ ಮಾತಿಗೆ ಕಲ್ಲಿನ ಸಾಕ್ಷಿ ದೊರೆಯಿತು.

ಈಗ ಯೋಚಿಸಿ. ಒಂದು ವಿಶ್ವಕೋಶ ಬರೆಯಬೇಕಾಗಿದೆ. 'ಅಶೋಕ' ಎಂಬ ಶೀರ್ಷಿಕೆ ಒಂದೇ. ಅದನ್ನು ಯಾರಿಗೆ ಕೊಡುವುದು? ದೊರೆಗೋ, ಹೂಬಿಡುವ ಮರಕ್ಕೋ, ಇಡೀ ಊರೇ ಅಶೋಕ ಎಂದು ಕರೆಯುವ ಕಂಬದ ಮರಕ್ಕೋ? ಜಾಲದಲ್ಲಿ ಸಾವಿರಾರು ಜನ ಕೂಡಿ ಬರೆಯುವ ವಿಶ್ವಕೋಶ ಇಂತಹ ಪ್ರಶ್ನೆಯನ್ನು ದಿನವೂ ಎದುರಿಸುತ್ತದೆ. ಅದು ಕಂಡುಕೊಂಡ ದಾರಿಗಳು, ಆಡಿದ ಜಗಳಗಳು, ಮಾಡಿಕೊಂಡ ರಾಜಿಗಳು ತಿಳಿಯುವಂತಹವು.

ಸಂಪಾದಕರಿಲ್ಲದ ಸಂಪಾದಕ ಮಂಡಲಿ

ಹಳೆಯ ಕಾಲದ ವಿಶ್ವಕೋಶಗಳಲ್ಲಿ ಈ ತಕರಾರು ಇರಲಿಲ್ಲವೆಂದಲ್ಲ. ಅದು ಓದುಗರ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದಿತು. ಹದಿನಾಲ್ಕು ಸಂಪುಟಗಳ ಆ ಮಹಾಕಾರ್ಯದಲ್ಲಿ ಯಾವ ಗಿಡ ಯಾವ ಹೆಸರಿನಡಿ ಬರಬೇಕೆಂಬುದನ್ನು ಸಂಪಾದಕರು ಕುಳಿತು ತೀರ್ಮಾನಿಸಿದರು. ಅಕಾರಾದಿಯಲ್ಲಿ ಒಂದು ಜಾಗ ಗೊತ್ತಾದ ಮೇಲೆ ಅಚ್ಚಾಯಿತು. ಅಚ್ಚಾದದ್ದು ಅಚ್ಚಾಯಿತು. ಅದಕ್ಕೂ ಮೊದಲು, 1930ರ ದಶಕದಲ್ಲಿ, ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದಾಗಲಂತೂ ಸಂಪಾದಕರೂ ಅವರೇ, ಲೇಖಕರೂ ಅವರೇ.

2001ರ ಜನವರಿ 15ರಂದು ಅಮೆರಿಕದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಶುರುಮಾಡಿದ ವಿಕಿಪೀಡಿಯ ಈ ಕ್ರಮವನ್ನು ತಲೆಕೆಳಗು ಮಾಡಿತು. ಇಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಕನ್ನಡದ ಆವೃತ್ತಿ 2003ರಲ್ಲಿ ಆರಂಭವಾಯಿತು. ಇಂದು ಇಂಗ್ಲಿಷಿನಲ್ಲಿ ಎಪ್ಪತ್ತು ಲಕ್ಷದ ಆಸುಪಾಸು ಲೇಖನಗಳಿದ್ದರೆ, ಕನ್ನಡದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ.

ಯಾರು ಬೇಕಾದರೂ ಬರೆಯಬಹುದು ಎಂದಾಗ ಒಂದು ಫಜೀತಿ ಕಾದಿರುತ್ತದೆ. ಶಿರಸಿಯ ಒಬ್ಬರು 'ಮುರುಗಲು' ಎಂಬ ಹಣ್ಣಿನ ಬಗ್ಗೆ ಲೇಖನ ಬರೆಯುತ್ತಾರೆ ಎನ್ನೋಣ. ಪುತ್ತೂರಿನ ಇನ್ನೊಬ್ಬರು 'ಪುನರ್ಪುಳಿ' ಎಂಬ ಹಣ್ಣಿನ ಬಗ್ಗೆ ಬರೆಯುತ್ತಾರೆ. ಮುಂಬಯಿಯಲ್ಲಿ ನೆಲೆಸಿದ ಮತ್ತೊಬ್ಬರು 'ಕೋಕಂ' ಎಂದು ಬರೆಯುತ್ತಾರೆ. ಮೂವರೂ ಬರೆದದ್ದು ಗಾರ್ಸೀನಿಯ ಇಂಡಿಕ ಎಂಬ ಒಂದೇ ಮರದ ವಿಷಯ. ಬೇಸಿಗೆಯಲ್ಲಿ ಮೂವರ ಮನೆಯಲ್ಲೂ ಅದರದೇ ಶರಬತ್ತು. ಆದರೆ ವಿಶ್ವಕೋಶದಲ್ಲಿ ಮೂರು ಲೇಖನ, ಮೂರೂ ಅರೆಬರೆ.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಒಂದು ಜೀವಿಗೆ ಒಂದೇ ಪುಟ. ಆ ಪುಟಕ್ಕೆ ಒಂದೇ ಶೀರ್ಷಿಕೆ. ಉಳಿದ ಹೆಸರುಗಳೆಲ್ಲ ಬಾಗಿಲುಗಳು. ಯಾವ ಬಾಗಿಲು ತಟ್ಟಿದರೂ ಒಳಗೆ ಸಿಗುವ ಮನೆ ಒಂದೇ. ಇದಕ್ಕೆ 'ಪುನರ್ನಿರ್ದೇಶನ' ಎಂದು ಹೆಸರು. ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಹೆಸರು ಒಂದು, ಮನೆಗಳು ಹಲವು. ನಮ್ಮ ರಾಜ್ಯಪಕ್ಷಿ ನೀಲಕಂಠ, ಶಿವನೂ ನೀಲಕಂಠ, ನೀಲಕಂಠ ಎಂಬ ಹೆಸರಿನ ಮನುಷ್ಯರಿಗಂತೂ ಲೆಕ್ಕವಿಲ್ಲ. ಇಂತಹ ಕಡೆ ಕವಲುದಾರಿಯ ಕೈಕಂಬದಂತೆ ಒಂದು ಪುಟವನ್ನು ನಿಲ್ಲಿಸುತ್ತಾರೆ. 'ನೀವು ಹುಡುಕುತ್ತಿರುವುದು ಹಕ್ಕಿಯನ್ನೋ, ದೇವರನ್ನೋ?' ಎಂದು ಅದು ಕೇಳುತ್ತದೆ. ಕನ್ನಡದಲ್ಲಿ ಅದನ್ನು 'ದ್ವಂದ್ವ ನಿವಾರಣೆ' ಎನ್ನುತ್ತಾರೆ. ಅಶೋಕನ ಕಗ್ಗಂಟಿಗೂ ಇದೇ ದಾರಿ. ದೇವಾನಾಂಪ್ರಿಯ ಎಂಬುದು ದೊರೆಯ ಪುಟಕ್ಕೆ ಒಂದು ಬಾಗಿಲಾದರೆ, ಅಶೋಕ ಎಂಬುದು ಮೂರು ದಾರಿ ತೋರುವ ಕೈಕಂಬವಾಗುತ್ತದೆ.

ಇಷ್ಟಕ್ಕೇ ಮುಗಿಯಿತೆ? ಇಲ್ಲ. ಹಲವು ಬಾಗಿಲುಗಳಿದ್ದರೂ ಹೆಬ್ಬಾಗಿಲು ಒಂದೇ ತಾನೆ. ಆ ಹೆಬ್ಬಾಗಿಲಿನ ಮೇಲೆ ಬರೆಯುವ ಹೆಸರು ಯಾವುದು? ಜಗಳ ಹತ್ತುವುದು ಅಲ್ಲೇ.

ಜನರ ಹೆಸರೋ, ಶಾಸ್ತ್ರದ ಹೆಸರೋ

ಈ ಜಗಳ ವಿಕಿಪೀಡಿಯಕ್ಕಿಂತ ಬಹಳ ಹಳೆಯದು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಸಸ್ಯಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಎರಡು ಪದಗಳ ಹೆಸರಿನ ಪದ್ಧತಿಯನ್ನು ನೆಲೆಗೊಳಿಸಿದ. ಮೊದಲ ಪದ ಕುಲವನ್ನು, ಎರಡನೆಯದು ಪ್ರಭೇದವನ್ನು ಹೇಳುತ್ತದೆ. ನಮ್ಮಲ್ಲಿ ಮನೆತನದ ಹೆಸರು, ವ್ಯಕ್ತಿಯ ಹೆಸರು ಇರುವ ಹಾಗೆ. ಊರೂರಿಗೆ ಹೆಸರು ಬೇರೆಯಾದರೂ ಈ ಜೋಡಿ ಪದ ಜಗತ್ತಿಗೆಲ್ಲ ಒಂದೇ ಆಗಿರಲಿ ಎಂಬುದು ಉದ್ದೇಶ.

ಆದರೆ ಆ ಲ್ಯಾಟಿನ್ ಹೆಸರುಗಳ ಒಳಗೆ ಇಣುಕಿದರೆ ನಮ್ಮ ಕರಾವಳಿಯ ಮಾತುಗಳೇ ಕೇಳಿಸುತ್ತವೆ. ಲಿನೇಯಸ್‌ಗಿಂತ ಮುಂಚೆ, 1678ರಿಂದ 1693ರವರೆಗೆ, ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ 'ಹೋರ್ಟಸ್ ಮಲಬಾರಿಕಸ್' ಪ್ರಕಟವಾಯಿತು. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಅದನ್ನು ಮಾಡಿಸಿದ. 700ಕ್ಕೂ ಹೆಚ್ಚು ಗಿಡಮರಗಳ ವಿವರ ಹೇಳಿದವರು ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯ, ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರು. ಚಿತ್ರಗಳ ಮೇಲೆ ಲ್ಯಾಟಿನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಹೆಸರುಗಳಿವೆ. ಲಿನೇಯಸ್ ಈ ಗ್ರಂಥವನ್ನು ಬಳಸಿಕೊಂಡ. ಒಂದು ಗಿಡಕ್ಕೆ ನಾಲ್ಕು ಲಿಪಿಗಳಲ್ಲಿ ಹೆಸರು ಕೊಡಬೇಕೆಂಬ ವಿವೇಕ ಮುನ್ನೂರು ವರ್ಷಗಳ ಹಿಂದೆಯೇ ಇತ್ತು ಎಂಬುದು ಗಮನಿಸಬೇಕಾದ ಮಾತು.

ಹೊಂಗೆಗೆ ಬಂದ ಪೊಂಗಾಮಿಯ ಎಂಬ ಲ್ಯಾಟಿನ್ ಹೆಸರು 'ಪೊಂಗಂ' ಎಂಬ ದಕ್ಷಿಣದ ಮಾತಿನ ವೇಷಾಂತರ. ಅಡಿಕೆಯ ಅರೆಕ ಕೂಡ ಮಲಯಾಳದ ಅಡಕ್ಕ, ನಮ್ಮ ಅಡಿಕೆಗಳ ಕಡೆಯಿಂದ ಪೋರ್ಚುಗೀಸರ ನಾಲಿಗೆ ಹತ್ತಿ ಹೋದದ್ದು. ಅಶೋಕಕ್ಕೆ 18ನೆಯ ಶತಮಾನದ ಕೊನೆಯಲ್ಲಿ ರಾಕ್ಸ್‌ಬರ್ಗ್ ಇಟ್ಟ ಹೆಸರು ಜೋನೇಶಿಯ ಅಸೋಕ. ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ಅವರ ಗೌರವಕ್ಕಾಗಿ ಜೋನೇಶಿಯ. ಮುಂದೆ ಆ ಮರ ಸರಾಕ ಕುಲಕ್ಕೆ ಸೇರಿತು. ಜೋನ್ಸ್ ಹೋದರು, ಅಶೋಕ ಉಳಿಯಿತು.

ಇಂಗ್ಲಿಷ್ ವಿಕಿಪೀಡಿಯ ಶೀರ್ಷಿಕೆಗೆ ಐದು ಲಕ್ಷಣಗಳನ್ನು ಹೇಳುತ್ತದೆ. ಓದುಗರಿಗೆ ಗುರುತು ಹತ್ತಬೇಕು, ಸಹಜವಾಗಿರಬೇಕು, ಖಚಿತವಾಗಿರಬೇಕು, ಚಿಕ್ಕದಾಗಿರಬೇಕು, ಅದೇ ಬಗೆಯ ಉಳಿದ ಶೀರ್ಷಿಕೆಗಳೊಂದಿಗೆ ಹೊಂದಬೇಕು. ಒಳ್ಳೆಯ ಮಾತೇ. ಆದರೆ ಐದೂ ಒಟ್ಟಿಗೆ ಸಿಗುವುದು ಅಪರೂಪ. ಜನರಿಗೆ ಗುರುತು ಹತ್ತುವ ಹೆಸರು ಖಚಿತವಾಗಿರುವುದಿಲ್ಲ. ಖಚಿತವಾದದ್ದು ಜನರಿಗೆ ಗುರುತು ಹತ್ತುವುದಿಲ್ಲ.

ಹೀಗಾಗಿ ಅಲ್ಲಿ ಪ್ರಾಣಿಗಳಿಗೊಂದು ನ್ಯಾಯ, ಗಿಡಗಳಿಗೊಂದು ನ್ಯಾಯ ಎಂದಾಯಿತು. ಪ್ರಾಣಿಗಳಿಗೆ ಬಳಕೆಯಲ್ಲಿ ಒಂದು ಖಚಿತ ಹೆಸರಿದ್ದರೆ ಅದೇ ಶೀರ್ಷಿಕೆ. ಗಿಡಗಳಿಗೆ ಸಾಮಾನ್ಯವಾಗಿ ವೈಜ್ಞಾನಿಕ ಹೆಸರು. ಏಕೆಂದರೆ ಗಿಡಗಳ ಬಳಕೆಯ ಹೆಸರುಗಳು ಊರಿಗೊಂದು. ಒಂದೇ ಹೆಸರು ಹತ್ತು ಗಿಡಗಳಿಗೂ ಇರುತ್ತದೆ. ಬೆಳೆಯಾಗಿ, ಆಹಾರವಾಗಿ ಮನೆಮಾತಾದ ಕೆಲವಕ್ಕೆ ಮಾತ್ರ ವಿನಾಯಿತಿ. ಪ್ರಾಣಿಗಳಲ್ಲೂ ಎಲ್ಲವೂ ಸಲೀಸಲ್ಲ. ಅಮೆರಿಕ ಖಂಡದ ಒಂದು ದೊಡ್ಡ ಬೆಕ್ಕನ್ನು ಕೆಲವರು ಕೌಗರ್ ಎನ್ನುತ್ತಾರೆ, ಕೆಲವರು ಪೂಮಾ, ಇನ್ನು ಕೆಲವರು ಬೆಟ್ಟದ ಸಿಂಹ. ಯಾವುದನ್ನು ಆರಿಸಿದರೂ ಇನ್ನಿಬ್ಬರಿಗೆ ಮುನಿಸು.

ಒಂದಕ್ಷರದ ಯುದ್ಧ

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು ಹಕ್ಕಿಗಳ ವಿಷಯದಲ್ಲಿ, ಅದೂ ಒಂದು ಅಕ್ಷರದ ಗಾತ್ರಕ್ಕಾಗಿ. ಹಕ್ಕಿಗಳ ಇಂಗ್ಲಿಷ್ ಹೆಸರುಗಳಿಗೆ ಪಕ್ಷಿಶಾಸ್ತ್ರಜ್ಞರ ಅಂತರರಾಷ್ಟ್ರೀಯ ಪಟ್ಟಿಯಿದೆ. ಪಕ್ಷಿಗಳ ಪುಸ್ತಕಗಳಲ್ಲಿ ಆ ಹೆಸರುಗಳ ಪ್ರತಿ ಪದವನ್ನೂ ದೊಡ್ಡಕ್ಷರದಿಂದ ಶುರುಮಾಡುವ ರೂಢಿಯಿದೆ. ವಿಕಿಪೀಡಿಯದ ಹಕ್ಕಿ ಬರಹಗಾರರೂ ಹಾಗೇ ಬರೆದರು. ಭಾಷೆಯ ಶಿಸ್ತು ನೋಡಿಕೊಳ್ಳುವವರು ಒಪ್ಪಲಿಲ್ಲ. ಹುಲಿ, ಸಿಂಹಗಳಿಗೆ ಇಲ್ಲದ ದೊಡ್ಡಕ್ಷರ ಗುಬ್ಬಚ್ಚಿಗೆ ಏಕೆ ಎಂಬುದು ಅವರ ವಾದ.

ಹಕ್ಕಿ ಬರಹಗಾರರ ಉತ್ತರದಲ್ಲೂ ಹುರುಳಿತ್ತು. 'ಕಾಮನ್ ಸ್ಟಾರ್ಲಿಂಗ್' ಎಂಬುದನ್ನು ಸಣ್ಣಕ್ಷರದಲ್ಲಿ ಬರೆದರೆ ಸಾಮಾನ್ಯವಾದ ಯಾವುದೋ ಒಂದು ಸ್ಟಾರ್ಲಿಂಗ್ ಎಂದು ಅರ್ಥವಾದೀತು. ದೊಡ್ಡಕ್ಷರವಿದ್ದರೆ ಅದು ಆ ಒಂದು ಪ್ರಭೇದದ ಹೆಸರು ಎಂದು ತಿಳಿಯುತ್ತದೆ. ವರ್ಷಗಟ್ಟಲೆ ವಾಗ್ವಾದ ನಡೆಯಿತು. ಕೊನೆಗೆ 2014ರಲ್ಲಿ ಸಣ್ಣಕ್ಷರದ ಪಕ್ಷಕ್ಕೆ ಗೆಲುವಾಯಿತು. ಸಾವಿರಾರು ಹಕ್ಕಿಗಳ ಶೀರ್ಷಿಕೆಗಳು ಬದಲಾದವು.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಾದ್ದರಿಂದ ಆ ಕಾಟ ನಮಗೆ ತಪ್ಪಿದೆ. ಆದರೆ ಆ ಜಗಳದ ಒಳಗಿನ ಪ್ರಶ್ನೆ ನಮ್ಮದೂ ಹೌದು. ಒಂದು ವಿಷಯವನ್ನು ಬಲ್ಲವರ ರೂಢಿ ದೊಡ್ಡದೋ, ಎಲ್ಲರೂ ಓದುವ ಪುಸ್ತಕದ ಸಮಾನ ನಿಯಮ ದೊಡ್ಡದೋ? ಇದಕ್ಕೆ ಕೈಯೆತ್ತಿ ಓಟು ಹಾಕಿ ಉತ್ತರ ಕಂಡುಕೊಳ್ಳುವುದು ಸುಲಭವಲ್ಲ.

ಹೆಸರು ಬದಲಿಸುವ ಶಾಸ್ತ್ರ

ಹಾಗಾದರೆ ಎಲ್ಲಕ್ಕೂ ವೈಜ್ಞಾನಿಕ ಹೆಸರನ್ನೇ ಇಟ್ಟುಬಿಟ್ಟರೆ ತಕರಾರು ಮುಗಿಯುವುದಿಲ್ಲವೆ ಎಂದು ಕೇಳಬಹುದು. ಮುಗಿಯುವುದಿಲ್ಲ. ಆ ಹೆಸರುಗಳು ಕಲ್ಲಿನಲ್ಲಿ ಕೊರೆದವಲ್ಲ. ಜೀವಿಗಳ ನೆಂಟಸ್ತಿಕೆಯ ಬಗ್ಗೆ ಹೊಸ ತಿಳಿವಳಿಕೆ ಬಂದಂತೆ ಅವು ಬದಲಾಗುತ್ತವೆ.

ಹೊಂಗೆಯನ್ನೇ ತೆಗೆದುಕೊಳ್ಳಿ. 1753ರಲ್ಲಿ ಲಿನೇಯಸ್ ಅದನ್ನು ಸೈಟಿಸಸ್ ಪಿನ್ನೇಟಸ್ ಎಂದು ಕರೆದ. 1899ರಲ್ಲಿ ಅದು ಪೊಂಗಾಮಿಯ ಪಿನ್ನೇಟ ಆಯಿತು. ಮುಂದೆ ಮಿಲೆಟಿಯ ಪಿನ್ನೇಟ ಎಂದರು. ಈಗ ಸಸ್ಯಶಾಸ್ತ್ರಜ್ಞರು ಮತ್ತೆ ಪೊಂಗಾಮಿಯ ಎನ್ನುತ್ತಿದ್ದಾರೆ. ಇಷ್ಟೆಲ್ಲ ಆಗುವಾಗ ನಮ್ಮ ರೈತ ಮಾತ್ರ ಹೊಂಗೆಯ ನೆರಳಲ್ಲಿ ಕುಳಿತು ಅದನ್ನು ಹೊಂಗೆ ಎಂದೇ ಕರೆಯುತ್ತಿದ್ದ. ಶಾಸ್ತ್ರದ ಹೆಸರೇ ಸ್ಥಿರ, ಜನರ ಹೆಸರು ಚಂಚಲ ಎಂಬ ನಂಬಿಕೆ ಇಲ್ಲಿ ಉಲ್ಟಾ ಆಗಿದೆ.

ಜಾಲಿಯ ಕಥೆ ಇನ್ನೂ ಸ್ವಾರಸ್ಯದ್ದು. ಉತ್ತರ ಕರ್ನಾಟಕದ ಎರೆಹೊಲಗಳ ಕರಿಜಾಲಿ ಬಹುಕಾಲ ಅಕೇಶಿಯ ನಿಲೋಟಿಕ ಆಗಿತ್ತು. ಅಕೇಶಿಯ ಕುಲವನ್ನು ಒಡೆಯಲೇಬೇಕು ಎಂದಾದಾಗ ಆ ಹೆಸರು ಯಾವ ಪಾಲಿಗೆ ಹೋಗಬೇಕೆಂಬ ವಿವಾದ ಎದ್ದಿತು. ಆಸ್ಟ್ರೇಲಿಯದಲ್ಲಿ ಪ್ರಭೇದಗಳ ಸಂಖ್ಯೆ ಹೆಚ್ಚು. ಮೂಲ ಹೆಸರು ಹುಟ್ಟಿದ್ದು ಆಫ್ರಿಕದ ಮರದಿಂದ. 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಆಸ್ಟ್ರೇಲಿಯದ ಕಡೆ ವಾಲಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನದಲ್ಲಿ ಅದೇ ನಿಂತಿತು. ಅಂದಿನಿಂದ ನಮ್ಮ ಕರಿಜಾಲಿ ವಾಚೆಲಿಯ ನಿಲೋಟಿಕ. ದಾಯಾದಿಗಳ ಪಾಲು ಪಂಚಾಯಿತಿಯಲ್ಲಿ ಮನೆಯ ಹೆಸರು ತಮ್ಮನ ಪಾಲಿಗೆ ಹೋದಂತಾಯಿತು.

ಬಳ್ಳಾರಿ ಜಾಲಿಯ ಪಾಡು ನೋಡಿ. ಅದು ಬಳ್ಳಾರಿಯದೂ ಅಲ್ಲ, ಕರಿಜಾಲಿಯ ಕುಲದ್ದೂ ಅಲ್ಲ. ಅಮೆರಿಕ ಖಂಡದಿಂದ ಬಂದದ್ದು. ಪ್ರೊಸೋಪಿಸ್ ಜೂಲಿಫ್ಲೋರ ಎಂದು ಪಾಠಗಳಲ್ಲಿ ಓದಿದ್ದು 2022ರಿಂದ ನೆಲ್ಟುಮ ಜೂಲಿಫ್ಲೋರ ಆಗಿದೆ. ಜನರ ಹೆಸರು ಮೂಲವನ್ನು ತಪ್ಪು ಹೇಳಿತು. ಶಾಸ್ತ್ರದ ಹೆಸರು ಬದಲಾಯಿತು. ಎರಡನ್ನೂ ಹೇಳಿ, ಎರಡರ ಕಥೆಯನ್ನೂ ತಿಳಿಸುವುದೇ ವಿಶ್ವಕೋಶದ ಕೆಲಸ.

ಹೆಸರಿನಲ್ಲಿ ಅವಮಾನ ಅಡಗಿರುವುದೂ ಉಂಟು. ಆಫ್ರಿಕದ ಹಲವು ಗಿಡಗಳ ಹೆಸರಿನಲ್ಲಿದ್ದ 'ಕಾಫ್ರ' ಎಂಬ ಪದ ಕಪ್ಪು ಜನರನ್ನು ಹೀಯಾಳಿಸುವ ಬೈಗುಳಕ್ಕೆ ಹತ್ತಿರದ್ದು. 2024ರ ಜುಲೈನಲ್ಲಿ ಮ್ಯಾಡ್ರಿಡ್‌ನ ಸಮ್ಮೇಳನ ಅದನ್ನು 'ಆಫ್ರ' ಎಂದು ತಿದ್ದಲು ಮತ ಹಾಕಿತು. ಅಮೆರಿಕದಲ್ಲಿ ಗುಲಾಮಗಿರಿಯ ಪಕ್ಷ ವಹಿಸಿ ಯುದ್ಧ ಮಾಡಿದ ಸೇನಾಧಿಕಾರಿಯೊಬ್ಬನ ಹೆಸರು ಹೊತ್ತಿದ್ದ ಒಂದು ಹಕ್ಕಿಗೆ 2020ರಲ್ಲಿ ಹೊಸ ಹೆಸರು ಬಂದಿತು. ಇಂತಹ ಪ್ರತಿ ತೀರ್ಮಾನದ ಮರುದಿನ ಜಾಲದ ವಿಶ್ವಕೋಶದಲ್ಲಿ ಯಾರೋ ಒಬ್ಬರು ಕುಳಿತು ಶೀರ್ಷಿಕೆ ಬದಲಿಸಿ, ಹಳೆಯ ಹೆಸರನ್ನು ಬಾಗಿಲಾಗಿ ಉಳಿಸಬೇಕಾಗುತ್ತದೆ. ಅವರಿಗೆ ಸಂಬಳವಿಲ್ಲ, ಹೆಸರೂ ಇಲ್ಲ.

ಬೇವಿನ ಬಳಗ, ತಾವರೆಯ ನೆಂಟರು

ಹೆಸರಾಯಿತು, ಇನ್ನು ಜೋಡಣೆ. ಇಪ್ಪತ್ತು ಲಕ್ಷದ ಆಸುಪಾಸು ಜೀವಪ್ರಭೇದಗಳನ್ನು ವಿಜ್ಞಾನಿಗಳು ಈವರೆಗೆ ಗುರುತಿಸಿದ್ದಾರೆ. ಅವನ್ನು ಅಕಾರಾದಿಯಲ್ಲಿ ಜೋಡಿಸಿದರೆ ಟೆಲಿಫೋನ್ ಡೈರೆಕ್ಟರಿಯಾಗುತ್ತದೆ, ಜ್ಞಾನವಾಗುವುದಿಲ್ಲ. ಆದ್ದರಿಂದ ಜೀವಿಯ ಲೇಖನದ ಪಕ್ಕದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ ಎಂದು ಮೇಲಿನಿಂದ ಕೆಳಕ್ಕೆ ಆ ಜೀವಿಯ ವಂಶಾವಳಿ ಅದರಲ್ಲಿರುತ್ತದೆ. ಪ್ರತಿ ಮೆಟ್ಟಿಲನ್ನೂ ಒತ್ತಿದರೆ ಆ ಬಳಗದ ಪುಟ ತೆರೆದುಕೊಳ್ಳುತ್ತದೆ.

ಇದರ ಉಪಯೋಗವೇನೆಂಬುದಕ್ಕೆ ಅಡುಗೆಮನೆಯ ಉದಾಹರಣೆ ಸಾಕು. ಬೇವು, ಹೆಬ್ಬೇವು, ಕರಿಬೇವು ಎಂಬ ಮೂರು ಹೆಸರು ಕೇಳಿದರೆ ಮೂವರು ಅಣ್ಣತಮ್ಮಂದಿರು ಎನಿಸುತ್ತದೆ. ಬೇವು, ಹೆಬ್ಬೇವು ಒಂದೇ ಕುಟುಂಬದವು ನಿಜ. ಆದರೆ ಒಗ್ಗರಣೆಯ ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ್ದು. ಎಲೆಯ ಜೋಡಣೆ ಕಂಡು ಹಿರಿಯರು ಬೇವು ಎಂದರು. ಎಲೆಯನ್ನು ಹಿಸುಕಿ ಮೂಸಿದರೆ ನೆಂಟಸ್ತಿಕೆ ಬೇರೆಯೇ ಎಂದು ಗೊತ್ತಾಗುತ್ತದೆ. ಅದರ ಶಾಸ್ತ್ರದ ಹೆಸರೂ ಮುರ‍್ರಾಯದಿಂದ ಬರ್ಗೆರಕ್ಕೆ ಮರಳಿದೆ.

ತಾವರೆ, ನೈದಿಲೆಗಳದ್ದು ಇನ್ನೂ ಬೆರಗಿನ ಸಂಗತಿ. ಎರಡೂ ಒಂದೇ ಕೆರೆಯಲ್ಲಿ ಅಕ್ಕಪಕ್ಕ ಅರಳುತ್ತವೆ. ಲಿನೇಯಸ್ ಕೂಡ ಎರಡನ್ನೂ ಒಂದೇ ಕುಲದಲ್ಲಿಟ್ಟಿದ್ದ. ಆದರೆ ಡಿಎನ್‌ಎ ಪರೀಕ್ಷೆಗಳು ಹೇಳುವಂತೆ ತಾವರೆಯ ಹತ್ತಿರದ ನೆಂಟರು ನೀರಿನಲ್ಲಿಲ್ಲ. ಯೂರೋಪಿನ ಬೀದಿಗಳಲ್ಲಿ ನೆರಳಿಗೆ ನೆಡುವ ಪ್ಲೇನ್ ಮರ ಅದಕ್ಕೆ ನೈದಿಲೆಗಿಂತ ಹತ್ತಿರ. ಜೀವಿಗಳನ್ನು ನೋಟದಿಂದ ಜೋಡಿಸುವುದಕ್ಕೂ ವಂಶದಿಂದ ಜೋಡಿಸುವುದಕ್ಕೂ ಇರುವ ಅಂತರ ಇದು.

ಜೋಡಿಸುವವರಿಗೆ ಇನ್ನೊಂದು ಚಿಕ್ಕ ಪೇಚೂ ಇದೆ. ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಹೆಸರು ತಂದ ಕೃಷ್ಣಮೃಗ ತನ್ನ ಕುಲದಲ್ಲಿ ಇಂದು ಬದುಕಿರುವ ಒಂದೇ ಪ್ರಭೇದ. ಒಬ್ಬನೇ ಮಗನಿರುವ ಮನೆಯಲ್ಲಿ ಮನೆತನದ ಕಥೆಯೂ ಮಗನ ಕಥೆಯೂ ಬಹುಮಟ್ಟಿಗೆ ಒಂದೇ. ಇಂತಹ ಕಡೆ ಕುಲಕ್ಕೊಂದು, ಪ್ರಭೇದಕ್ಕೊಂದು ಎಂದು ಪುಟಗಳನ್ನು ಹೆಚ್ಚಿಸಿದರೆ ಓದುಗ ಒಂದೇ ಸಂಗತಿಯನ್ನು ಎರಡು ಸಲ ಓದಬೇಕಾದೀತು. ಕುಲದಲ್ಲಿ ಇರುವುದೇ ಒಂದು ಪ್ರಭೇದವಾದರೆ ಎರಡಕ್ಕೂ ಸೇರಿ ಒಂದೇ ಪುಟ ಸಾಕೆಂಬುದು ಇಂಗ್ಲಿಷಿನವರು ಮಾಡಿಕೊಂಡಿರುವ ನಿಯಮ.

ಯಂತ್ರ ಬರೆದ ಲಕ್ಷ ಲೇಖನ

ಕಣ್ಣಿಗೆ ಕಾಣದ ವಂಶವಾಹಿಗಳ ವಿಷಯದಲ್ಲೂ ಹೆಸರಿನ ತಾಪತ್ರಯ ತಪ್ಪಿದ್ದಲ್ಲ. ಮನುಷ್ಯನ ಸಾವಿರಾರು ವಂಶವಾಹಿಗಳಿಗೆ ಲೇಖನ ಒದಗಿಸಲು 2008ರ ಸುಮಾರಿಗೆ ವಿಜ್ಞಾನಿಗಳ ಒಂದು ಗುಂಪು ಯಂತ್ರದ ನೆರವಿನಿಂದ ಚಿಕ್ಕ ಚಿಕ್ಕ ಪುಟಗಳನ್ನು ಹುಟ್ಟಿಸಿತು. ಬಲ್ಲವರು ಬಂದು ಬೆಳೆಸಲಿ ಎಂಬುದು ಆಸೆ. ಒಂದು ವಂಶವಾಹಿಗೆ ಮಕ್ಕಳ ವಿಡಿಯೊ ಆಟದ ಪಾತ್ರದ ಹೆಸರನ್ನೇ ಇಟ್ಟು 'ಸೋನಿಕ್ ಹೆಡ್ಜ್‌ಹಾಗ್' ಎಂದು ಕರೆದಿದ್ದಾರೆ. ಅಲ್ಲೂ ಕೈಕಂಬ ಬೇಕಾಯಿತು. 'ಮಾರ್ಚ್ 1', 'ಸೆಪ್ಟ್ 1' ಎಂಬ ವಂಶವಾಹಿಗಳನ್ನು ಕಂಪ್ಯೂಟರಿನ ಎಕ್ಸೆಲ್ ತಂತ್ರಾಂಶ ತಾರೀಖು ಎಂದು ಭ್ರಮಿಸಿ ಬದಲಿಸಿಬಿಡುತ್ತಿತ್ತು. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಪಾಲಿಗೆ ಇಂತಹ ತಪ್ಪು ನುಸುಳಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕಡೆಗೆ 2020ರಲ್ಲಿ ಮಣಿದದ್ದು ಯಂತ್ರವಲ್ಲ, ಮನುಷ್ಯ. ನಾಮಕರಣ ಸಮಿತಿ ವಂಶವಾಹಿಗಳ ಹೆಸರನ್ನೇ ಬದಲಿಸಿತು.

ಇನ್ನು ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ಎಂಬುವರು ಒಂದು ತಂತ್ರಾಂಶ ಬರೆದರು. ಜೀವಪ್ರಭೇದಗಳ ಪಟ್ಟಿ ಓದಿ ಅದು ತಾನೇ ಲೇಖನ ಬರೆಯುತ್ತದೆ. ಸ್ವೀಡಿಷ್ ವಿಕಿಪೀಡಿಯದ ಹತ್ತು ಲಕ್ಷದ ಲೇಖನ 2013ರ ಜೂನ್‌ನಲ್ಲಿ ಬಂದಾಗ ಅದು ಒಂದು ಚಿಟ್ಟೆಯ ಕುರಿತದ್ದಾಗಿತ್ತು. ಬರೆದದ್ದು ಆ ತಂತ್ರಾಂಶ. ಫಿಲಿಪೀನ್ಸಿನ ಸೆಬುವಾನೊ ಭಾಷೆಯಲ್ಲಿ ಅದೇ ತಂತ್ರಾಂಶ ಲಕ್ಷಗಟ್ಟಲೆ ಲೇಖನ ಬರೆದು, ಸಂಖ್ಯೆಯಲ್ಲಿ ಆ ಭಾಷೆಯ ವಿಶ್ವಕೋಶವನ್ನು ಜಗತ್ತಿನ ಅತಿ ದೊಡ್ಡವುಗಳ ಸಾಲಿಗೆ ತಂದು ನಿಲ್ಲಿಸಿತು.

ಇದು ಸಿರಿಯೋ, ಬರಡೋ? ಏನೂ ಇಲ್ಲದಿರುವುದಕ್ಕಿಂತ ಎರಡು ಸಾಲು ಲೇಸು ಎಂಬ ವಾದವಿದೆ. ಆದರೆ ಆ ಎರಡು ಸಾಲಿನಲ್ಲಿ ಲ್ಯಾಟಿನ್ ಹೆಸರಿರುತ್ತದೆ, ಕುಟುಂಬದ ಹೆಸರಿರುತ್ತದೆ. ಅಜ್ಜಿ ಆ ಗಿಡವನ್ನು ಏನೆಂದು ಕರೆಯುತ್ತಿದ್ದಳು, ಎಲೆಯಿಂದ ತಂಬುಳಿ ಮಾಡುತ್ತಿದ್ದಳೋ ಕಷಾಯ ಮಾಡುತ್ತಿದ್ದಳೋ ಎಂಬುದು ಇರುವುದಿಲ್ಲ. ಆ ಪಟ್ಟಿ ಯಾವ ಯಂತ್ರದ ಬಳಿಯೂ ಇಲ್ಲ.

ಕನ್ನಡಕ್ಕೆ ಆಗಬೇಕಾದದ್ದು

ಕನ್ನಡದ ಮುಂದಿರುವ ಕೆಲಸವೂ ಅಲ್ಲಿಂದಲೇ ಶುರುವಾಗುತ್ತದೆ. ಮೊದಲನೆಯದು ಪರಿಭಾಷೆ. ನಮ್ಮ ಪುಸ್ತಕಗಳಲ್ಲಿ 'ಜೀನಸ್' ಎಂಬುದಕ್ಕೆ ಕೆಲವರು ಕುಲ ಎಂದರೆ ಕೆಲವರು ಜಾತಿ ಎನ್ನುತ್ತಾರೆ. 'ಸ್ಪೀಷೀಸ್'ಗೆ ಕೆಲವರು ಪ್ರಭೇದ ಎಂದರೆ ಕೆಲವರು ಅದಕ್ಕೂ ಜಾತಿ ಎನ್ನುತ್ತಾರೆ. ಒಂದೇ ಪದ ಎರಡು ಮೆಟ್ಟಿಲುಗಳಿಗೆ ಬಳಕೆಯಾದರೆ ಓದುವ ಹುಡುಗ ಯಾವ ಮೆಟ್ಟಿಲ ಮೇಲೆ ನಿಂತಿದ್ದಾನೆಂದು ಅವನಿಗೇ ತಿಳಿಯುವುದಿಲ್ಲ. ಯಾವುದಾದರೂ ಒಂದನ್ನು ಒಪ್ಪಿ ಎಲ್ಲ ಕಡೆ ಅದನ್ನೇ ಬಳಸುವುದು ಒಳ್ಳೆಯದು.

ಎರಡನೆಯದು ಅನುವಾದದ ಎಚ್ಚರ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದಾಗ, ಅವು ನಮ್ಮ ಚಿರತೆಗಳೇ ಅಲ್ಲವೆ ಎಂದು ಕೇಳಿದವರು ಎಷ್ಟೋ ಮಂದಿ. ಚಿರತೆ ನಮ್ಮ ಕಾಡಂಚಿನ ಊರುಗಳಿಗೆ ಈಗಲೂ ನುಗ್ಗುವ ಪ್ರಾಣಿ. ಚೀತಾ ಭಾರತದಲ್ಲಿ ನಿರ್ನಾಮವಾಯಿತೆಂದು 1952ರಲ್ಲೇ ಘೋಷಿಸಲಾಗಿತ್ತು. ಕಿವಿಗೆ ಹತ್ತಿರವಾದ ಎರಡು ಹೆಸರು, ಕುಲವೇ ಬೇರೆಯಾದ ಎರಡು ಪ್ರಾಣಿ.

ಮೂರನೆಯದೇ ಮುಖ್ಯ. ಊರಿನ ಹೆಸರುಗಳನ್ನು ಊರಿನ ಸಮೇತ ಬರೆದಿಡುವುದು. ಮುರುಗಲು ಎಂದು ಮಲೆನಾಡಿನಲ್ಲಿ, ಪುನರ್ಪುಳಿ ಎಂದು ತುಳುನಾಡಿನಲ್ಲಿ ಎಂದು ಜಾಗ ಹೇಳಿ ದಾಖಲಿಸಿದರೆ ಯಾವ ಹೆಸರಿಗೂ ಸೋಲಿಲ್ಲ. 2016ರಲ್ಲಿ ತುಳು ಭಾಷೆಗೂ ತನ್ನದೇ ವಿಕಿಪೀಡಿಯ ಬಂದಿದೆ. 2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಭಂಡಾರ ಪ್ರತಿ ಜೀವಿಗೂ ಒಂದು ಸಂಖ್ಯೆ ಕೊಟ್ಟು ಎಲ್ಲ ಭಾಷೆಗಳ ಪುಟಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಸಿಂಹಕ್ಕೆ ಅಲ್ಲಿ ಕ್ಯೂ 140 ಎಂಬ ಸಂಖ್ಯೆ. ಸಂಖ್ಯೆಗೆ ಭಾಷೆಯಿಲ್ಲ, ಆದ್ದರಿಂದ ಯಾವ ಭಾಷೆಯ ಹೆಸರೂ ಇನ್ನೊಂದರ ಅಡಿಯಾಳಾಗಬೇಕಿಲ್ಲ.

ಗಿಡದ ಲ್ಯಾಟಿನ್ ಹೆಸರನ್ನೂ ಹಳ್ಳಿಯ ಹೆಸರನ್ನೂ ಒಂದೇ ಪುಟದಲ್ಲಿ ಸಲೀಸಾಗಿ ಕೂರಿಸಬಹುದೆಂದು ಕನ್ನಡಿಗರಿಗೆ ತೋರಿಸಿಕೊಟ್ಟವರು ಬಿ.ಜಿ.ಎಲ್. ಸ್ವಾಮಿ. ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಸ್ವಾಮಿಯವರು ಒಬ್ಬರೇ ಮಾಡಿದ್ದನ್ನು ಈಗ ಊರಿಗೊಬ್ಬರು ಮಾಡಬಹುದು. ಅದಕ್ಕೆ ಸಸ್ಯಶಾಸ್ತ್ರದ ಪದವಿ ಬೇಕಿಲ್ಲ. ಗಿಡದ ಫೋಟೋ, ಊರಿನ ಹೆಸರು, ಅಲ್ಲಿ ಅದನ್ನು ಕರೆಯುವ ಬಗೆ, ಜೊತೆಗೆ ಅದನ್ನು ಹೇಳುವ ಒಂದು ಅಚ್ಚಾದ ಆಧಾರ, ಇಷ್ಟಿದ್ದರೆ ಸಾಕು. ಆಧಾರ ಅಚ್ಚಾಗಿಲ್ಲದಿದ್ದರೆ ಮೊದಲು ಅಚ್ಚು ಮಾಡಿಸುವ ಕೆಲಸ. ಹೆಸರು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿರುವಾಗ ಇದಕ್ಕೆ ತಡಮಾಡುವ ಹಾಗಿಲ್ಲ.

ಕೊನೆಗೆ ಮತ್ತೆ ಶಾಲೆಯ ಕಾಂಪೌಂಡಿಗೆ ಬರೋಣ. ಕಂಬದ ಮರವನ್ನು ಅಶೋಕ ಎಂದ ಹುಡುಗನನ್ನು ಗದರಿಸಬೇಕಾಗಿಲ್ಲ. ಅವನ ಊರಿನಲ್ಲಿ ಅದರ ಹೆಸರು ಅದೇ. 2012ರಲ್ಲಿ ಆ ಮರದ ಶಾಸ್ತ್ರದ ಹೆಸರು ಪಾಲಿಯಾಲ್ತಿಯದಿಂದ ಮೊನೂನ್‌ಗೆ ಬದಲಾದದ್ದು ಅವನಿಗೆ ಗೊತ್ತಿರಬೇಕೆಂದೂ ಇಲ್ಲ. ಅವನು 'ಅಶೋಕ' ಎಂದು ಹುಡುಕಿದಾಗ ಮೂರು ದಾರಿಗಳು ಕಾಣಬೇಕು, ಮೂರನ್ನೂ ಕನ್ನಡದಲ್ಲೇ ಓದಲು ಸಿಗಬೇಕು. ಮಾರನೆಯ ದಿನ ಅವನು ಆ ಮರದ ಕೆಳಗೆ ನಿಂತು, ಇದು ಆ ಅಶೋಕವಲ್ಲ ಎಂದು ಗೆಳೆಯನಿಗೆ ಹೇಳಿದರೆ, ಹೆಸರಿಲ್ಲದೆ ದುಡಿದವರ ಶ್ರಮ ಸಾರ್ಥಕವಾದಂತೆ.